ಕೋಸು ಬಿತ್ತಿದ ಮೇಡಂ

ಮಾಂಬಳ್ಳಿಯ ಪುಟ್ಟಮಾದಪ್ಪ ಫೋನು ಮಾಡಿ, "ಸಾ, ನಮ್ ಮೇಡಮ್ಮೋರು ಓದ್ರು" ಅಂದರು. ನಾನು ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಬಾಳೆಹಣ್ಣಿನ ಗಾಡಿಯವನ ಜೊತೆ ಚೌಕಾಶಿ ಮಾಡುತ್ತಿದ್ದೆ. ಪಕ್ಕದಲ್ಲಿ ಯಳಂದೂರು ಬಸ್ಸಿನ ಕಂಡಕ್ಟರು ಗಂಟಲು ಹರಿದುಕೊಳ್ಳುತ್ತಿದ್ದ. "ಏನು ಓದಿದ್ರು?" ಅಂದೆ. ಆಮೇಲೆ ಪುಟ್ಟಮಾದಪ್ಪ ಮೆಲ್ಲಗೆ, "ಓಗ್ಬುಟ್ರು ಸಾ" ಅಂದರು.

ಈ ಸೀಮೆಗೆ ಬಂದು ನನ್ನ ತಲೆ ನರೆಯಿತು. ಆದರೂ ಇಲ್ಲಿಯವರು ನುಂಗಿಹಾಕುವ 'ಹ'ಕಾರ ಇಂಥ ಹೊತ್ತಿನಲ್ಲೇ ನನಗೆ ಕೈಕೊಡುತ್ತದೆ. ನಾನು ದಾವಣಗೆರೆ ಕಡೆಯವನು. ಕೊಳ್ಳೇಗಾಲದ ಕಾಲೇಜಿಗೆ ಕನ್ನಡ ಮೇಷ್ಟ್ರಾಗಿ ಬಂದ ಹೊಸದರಲ್ಲಿ ಮೇಡಮ್ಮೇ ನನ್ನನ್ನು ಕೂರಿಸಿಕೊಂಡು ಎಚ್ಚರಿಸಿದ್ದರು: "ನಮ್ ಕಡೆ ಓದೋದಕ್ಕೂ ಓಗೋದಕ್ಕೂ ವ್ಯತ್ಯಾಸ ಕಮ್ಮಿ ಕಣ್ರೀ. ಓದಿದೋರೆಲ್ಲ ಓದ್ರು. ಓದ್ದೇ ಇದ್ದೋರು ಉಳ್ಕಂಡ್ರು. ನಾನೊಬ್ಳು ಓದೂ ಉಳ್ಕಂಡೆ." ಈಗ ಅವರೂ ಓದ್ರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ, "ಎಸ್ರು ಯಾಕ್ರೀ ಅಂಟಿಸಿದ್ರಿ, ನಾನೇನು ಸ್ಲೈಡಾ?" ಅಂತ ಎದ್ದು ಬಂದು ಕೇಳುವ ಪೈಕಿ. ಊರವರ ಬಾಯಲ್ಲಿ ಅವರು ಕೋಸ್ ಮೇಡಂ. ಆ ಹೆಸರು ಹೇಗೆ ಬಂತು ಅನ್ನುವುದಕ್ಕೆ ಒಂದು ಕಥೆಯೇ ಇದೆ, ಹೇಳುತ್ತೇನೆ.

ಅವರು ಸಸ್ಯಶಾಸ್ತ್ರದ ಮೇಡಂ. ಹಾಗಂದ ಕೂಡಲೇ ಹೂವು, ಬಳ್ಳಿ, ಚಿಗುರು ಅಂದುಕೊಳ್ಳಬೇಡಿ. ಹೂವಿನ ವಿಷಯದಲ್ಲಿ ಅವರದ್ದು ಅಷ್ಟಕ್ಕಷ್ಟೆ. "ಊವನ್ನ ಯಾರ್ ಬೇಕಾದ್ರೂ ನೋಡ್ತಾರೆ, ಅದಕ್ಕೆ ನಾನ್ಯಾಕೆ?" ಅವರಿಗೆ ಬೇಕಾದದ್ದು ಮರ. ಅದೂ ನೆರಳು ಕೊಡುವ ಮರವಲ್ಲ, ಮರದ ಒಂದು ಚೂರು. ಆ ಚೂರಿನಿಂದ ಬ್ಲೇಡಿನಲ್ಲಿ ಹೆರೆದ, ಊದಿದರೆ ಹಾರಿಹೋಗುವ ಒಂದು ಪದರ. ಆ ಪದರದಲ್ಲಿ ಸೂಕ್ಷ್ಮದರ್ಶಕದಡಿ ಕಾಣುವ ಸಾವಿರಾರು ಪುಟಾಣಿ ಕೋಣೆಗಳು. ಕೋಣೆಗಳೂ ಅಲ್ಲ, ಅವುಗಳ ಗೋಡೆ!

"ಕೋಣೆ ಖಾಲಿ ಕಣ್ರೀ. ಇರೋದೆಲ್ಲ ಗೋಡೇಲೇ" ಅನ್ನುತ್ತಿದ್ದರು. ನನ್ನಂಥ ಸಾಹಿತ್ಯದವನಿಗೂ ಅವರು ಅದನ್ನು ತಿಳಿಸದೆ ಬಿಡಲಿಲ್ಲ. ಮರದೊಳಗಿನ ಒಂದೊಂದು ಜೀವಕೋಶವೂ ತನ್ನ ಸುತ್ತ ತಾನೇ ಗೋಡೆ ಕಟ್ಟಿಕೊಳ್ಳುತ್ತದಂತೆ, ಒಳಗಿನಿಂದ, ಪದರದ ಮೇಲೆ ಪದರ. ಮೊದಲು ಕಣ್ಣಿಗೆ ಕಾಣದ ಎಳೆಗಳನ್ನು ಸುತ್ತುತ್ತದೆ, ಆಮೇಲೆ ಎಳೆಗಳ ನಡುವೆ ಗಾರೆ ತುಂಬುತ್ತದೆ. "ಗೋಡೆ ಕಟ್ಟಿ, ಗಾರೆ ಮೆತ್ತಿ, ಕೊನೆಗೆ ಕಟ್ಟಿದೋನು ಸತ್ತೋಯ್ತಾನೆ. ಅವ್ನು ಸತ್ ಮೇಲೇ ಆ ಗೂಡಲ್ಲಿ ನೀರು ಏರೋದು. ಬಿಳಿಗಿರಿರಂಗನ ಬೆಟ್ಟದ ಮರದ ತುದಿಗೆ ನೀರು ಓಗೋದು ಸತ್ತೋರ ಮನೆ ಒಳಗಿಂದ." ಇಂಥದ್ದನ್ನು ಅವರು ಕಾಫಿ ಕುಡಿಯುತ್ತ, ಬಾಯಲ್ಲಿ ಬೋಂಡ ಇಟ್ಟುಕೊಂಡು ಹೇಳುತ್ತಿದ್ದರು.

ಅವರ ತಂದೆ ಕೊಳ್ಳೇಗಾಲದಲ್ಲಿ ರೇಷ್ಮೆ ನೂಲಿಗೆ ಹುರಿ ಹಾಕುವ ಕೆಲಸ ಮಾಡುತ್ತಿದ್ದವರು. ಹಾಗಾಗಿ ಆ ಎಳೆಗಳ ಸುತ್ತನ್ನು ಮೇಡಂ 'ಹುರಿ' ಅಂತಲೇ ಕರೆಯುತ್ತಿದ್ದರು. ಎಳೆಯ ಮರದಲ್ಲಿ ಹುರಿ ಓರೆಯಾಗಿರುತ್ತದೆ, ಅದಕ್ಕೇ ಗಾಳಿಗೆ ಬಾಗುತ್ತದೆ. ಮರ ಬಲಿತಂತೆ ಹೊಸ ಗೋಡೆಗಳ ಹುರಿ ನೆಟ್ಟಗಾಗುತ್ತದೆ, ಬಾಗುವುದು ಕಮ್ಮಿ. ಸ್ಟಾಫ್ ಮೀಟಿಂಗಿನಲ್ಲಿ ಯಾರಾದರೂ ಹಟಕ್ಕೆ ಬಿದ್ದು ವಾದಿಸಿದರೆ ನನ್ನ ಕಡೆ ವಾಲಿ, "ಉರಿ ನೆಟ್ಟಗಾಗೋಗದೆ. ಬಾಗಲ್ಲ, ಮುರಿಯೋದೇ" ಅನ್ನುತ್ತಿದ್ದರು. ಹುರಿ ಅವರ ಬಾಯಲ್ಲಿ ಉರಿಯಾಗುತ್ತಿತ್ತು. ವಾದಿಸುತ್ತಿದ್ದವರನ್ನು ನೋಡಿದರೆ ಎರಡೂ ಹೊಂದುತ್ತಿದ್ದವು.

ಈ 'ಹ'ಕಾರ ತರಗತಿಯಲ್ಲೂ ಅವಾಂತರ ಮಾಡುತ್ತಿತ್ತು. ಒಮ್ಮೆ, "ಅತ್ತಿಯ ನಾರು ಅಂದ್ರೆ ಬರೀ ಗೋಡೆ, ಅಪ್ಪಟ ಗೋಡೆ" ಅಂದರಂತೆ. ಹೇಳಿದ್ದು ಬಟ್ಟೆಯ ಹತ್ತಿ. ಪರೀಕ್ಷೆಯಲ್ಲಿ ಒಬ್ಬ, "ಅತ್ತಿಹಣ್ಣನ್ನು ಬಿಡಿಸಿದರೆ ಒಳಗೆ ಬಿಳಿಯ ನಾರು ಇರುತ್ತದೆ, ಅದರಿಂದ ಬಟ್ಟೆ ನೇಯುತ್ತಾರೆ, ಆದರೆ ಹುಳು ಜಾಸ್ತಿ" ಅಂತ ಬರೆದ. ಮೇಡಂ ಅವನಿಗೆ ಅರ್ಧ ಅಂಕ ಕೊಟ್ಟರು. ಯಾಕೆ ಅಂದರೆ, "ಉಳ ಸರಿಯಾಗೇ ಅದೆಯಲ್ಲ" ಅಂದರು. ಅಂದಿನಿಂದ ತರಗತಿಯಲ್ಲಿ 'ಅಣ್ಣಿನ ಅತ್ತಿ', 'ಬಟ್ಟೆ ಅತ್ತಿ' ಅಂತ ಎರಡು ಜಾತಿ ಹುಟ್ಟಿಕೊಂಡವು.

ಅವರ ಬಲಗೈ ಬೆರಳ ತುದಿಗಳು ಯಾವಾಗಲೂ ಕೆಂಪು. ಮರದ ಪದರಕ್ಕೆ ಹಾಕುವ ಬಣ್ಣ ಅದು. ಗಾರೆ ಬಿದ್ದ ಗೋಡೆಯನ್ನು ಮಾತ್ರ ಹುಡುಕಿ ಹಿಡಿದು ಕೆಂಪಗೆ ಮಾಡುತ್ತದೆ, ಬೆರಳಿಗೆ ತಗುಲಿದರೆ ಸೋಪು, ಸೀಗೆಪುಡಿ, ಯಾವುದಕ್ಕೂ ಜಗ್ಗುವುದಿಲ್ಲ. ಬಸ್ಸಿನಲ್ಲಿ ಹೆಂಗಸರು, "ಯಾರ್ ಮನೆ ಆರ್ತಿಗೋಗಿದ್ರಿ ಮೇಡಮ್ಮೋರೆ?" ಅಂತ ಕೇಳಿದರೆ, "ಬೇವಿನ ಮರದ್ ಮನೇದು" ಅನ್ನುತ್ತಿದ್ದರು. ಬ್ಲೇಡಿನ ಕಥೆಯೂ ಹೀಗೇ. ಮದುವೆಯಾಗದ ಹೆಂಗಸು ಕಟ್ಟುಗಟ್ಟಲೆ ಶೇವಿಂಗ್ ಬ್ಲೇಡು ಕೊಳ್ಳುವುದನ್ನು ನೋಡಿ ನೋಡಿ ಅಂಗಡಿಯವನು ತಡೆಯಲಾರದೆ ಒಂದು ದಿನ ನನ್ನನ್ನೇ ಕೇಳಿದ: "ಸಾ, ಮೇಡಮ್ಮೋರ್ ಮನೇಲಿ ಗಡ್ಡ ಯಾರ್ಗೆ?"

ಬ್ಲೇಡು ಸುಮ್ಮನೆ ಇರುತ್ತಿರಲಿಲ್ಲ. ಕಂಡ ಮರವನ್ನೆಲ್ಲ ಕೆರೆದು ನೋಡುವುದು ಅವರ ಚಾಳಿ. ಬೆಂಚು, ಬಾಗಿಲು, ಆಟದ ಬ್ಯಾಟು, ಯಾವುದೂ ಉಳಿಯಲಿಲ್ಲ. ಪ್ರಿನ್ಸಿಪಾಲರು ತಮ್ಮ ಹೊಸ ಕುರ್ಚಿಯನ್ನು ಬಂದವರಿಗೆಲ್ಲ "ಅಸಲಿ ತೇಗ" ಅಂತ ತಟ್ಟಿ ತಟ್ಟಿ ತೋರಿಸುತ್ತಿದ್ದರು. ಮೇಡಂ ಅದರ ಹಿಂಗಾಲಿನಿಂದ ಒಂದು ಚಕ್ಕೆ ಎಬ್ಬಿಸಿಕೊಂಡು ಹೋಗಿ, ಸಂಜೆ ಬಂದು, "ಸಾರ್, ತೇಗ ಅಲ್ಲ. ಸಿಲ್ವರ್ ಓಕು. ಕಾಫಿ ತೋಟದ್ದು" ಅಂದರು. ಪ್ರಿನ್ಸಿಪಾಲರ ಮುಖ ಸುಣ್ಣದ ಹಾಗಾಯಿತು. "ಕೂತ್ಕೊಳಕ್ಕೆ ಏನ್ ತೊಂದ್ರೆ ಇಲ್ಲ ಬುಡಿ, ಗಟ್ಟಿಯಾಗೇ ಅದೆ" ಅಂತ ಸಮಾಧಾನ ಬೇರೆ. ಆಮೇಲೆ ಪ್ರಿನ್ಸಿಪಾಲರು ಕುರ್ಚಿ ತಟ್ಟುವುದನ್ನು ಬಿಟ್ಟರು.

ಅವರ ಮನೆ ಯಳಂದೂರಿನಲ್ಲಿ. ಪಕ್ಕದ ಮನೆ ಗೌರಮ್ಮನದು. ಒಂದು ಮಳೆಗೆ ಎರಡು ಹಿತ್ತಲ ನಡುವಿನ ಮಣ್ಣಿನ ಗೋಡೆ ಕುಸಿದು ಬಿತ್ತು. ಗೌರಮ್ಮ ಕಲ್ಲಿನ ಗೋಡೆ ಕಟ್ಟಿಸಲು ಹೊರಟರು. ಗೋಡೆ ಅತ್ತ ಸರಿಯಬೇಕೋ ಇತ್ತ ಸರಿಯಬೇಕೋ ಅಂತ ಇಬ್ಬರಿಗೂ ಜಗಳ ಹತ್ತಿಕೊಂಡಿತು. ಬೀದಿಯವರೆಲ್ಲ ಮನೆಯೊಳಗೆ ಕೂತೇ ಕೇಳುವಷ್ಟು ಚೆನ್ನಾಗಿತ್ತು ಜಗಳ. ಕೊನೆಗೆ ಮೇಡಂ, "ಎಲ್ಲಿ ಬೇಕೋ ಅಲ್ಲಿ ಕಟ್ಸ್ಕೊ ಓಗು. ಆದ್ರೆ ನಡುವೆ ಒಂದ್ ಕಿಂಡಿ ಬುಡು" ಅಂದರು. "ಕಿಂಡಿ ಯಾಕೆ?" ಅಂದರೆ, ಮರದೊಳಗೆ ಅಕ್ಕಪಕ್ಕದ ಕೋಶಗಳು ಎಷ್ಟೇ ದಪ್ಪ ಗೋಡೆ ಕಟ್ಟಲಿ, ಎದುರುಬದುರು ಕಿಂಡಿ ಬಿಟ್ಟುಕೊಂಡೇ ಕಟ್ಟುತ್ತವೆ, ಇವನ ಕಿಂಡಿಗೆ ಸರಿಯಾಗಿ ಅವನ ಕಿಂಡಿ, ಇಲ್ಲದಿದ್ದರೆ ನೀರು ದಾಟುವುದಿಲ್ಲ ಅಂತ ಗಾರೆ ಕೆಲಸದವರ ಮುಂದೆ ದೊಡ್ಡ ಪಾಠವೇ ಆಯಿತು. ಗಾರೆಯವನು ಕೈಯಲ್ಲಿ ಕರಣೆ ಹಿಡಿದು ಎಲ್ಲ ಕೇಳಿಸಿಕೊಂಡು, "ಅಗಲ ಎಷ್ಟು ಬುಡ್ಲಿ ಏಳಿ" ಅಂದ. ಮೇಡಂ, "ಒಂದ್ ಸಾರಿನ ಪಾತ್ರೆ ಅಗಲ" ಅಂದರು.

ಆ ಕಿಂಡಿಗೆ ಮೇಡಂ ತಮ್ಮ ಕಡೆಯಿಂದ ಒಂದು ಹಲಗೆಯ ಕದ ಹಾಕಿಸಿದರು. ಹಲಗೆ ಯಾವ ಮರದ್ದು ಅಂತ ನಾನು ಕೇಳಲಿಲ್ಲ, ಕೇಳಿದ್ದರೆ ಒಂದು ಗಂಟೆ ಹೋಗುತ್ತಿತ್ತು. ಗೌರಮ್ಮ ಆ ಕಡೆಯಿಂದ ಹಲಗೆ ತಟ್ಟಿ ಸಾರು ದಾಟಿಸುವರು, ಮೇಡಂ ಕೈ ಚಾಚಿ ತೆಗೆದುಕೊಳ್ಳುವರು. ಗೋಡೆ ದಪ್ಪ, ಕಿಂಡಿ ಸಣ್ಣದು, ಒಬ್ಬರಿಗೊಬ್ಬರ ಕೈ ಮಾತ್ರ ಕಾಣುತ್ತಿತ್ತು. ಅಷ್ಟು ಜಗಳವಾಡಿದವರಿಗೆ ಅದೇ ಅನುಕೂಲವಾಗಿತ್ತು ಅನ್ನಿಸುತ್ತದೆ. ಸಾರು ಸುರಿದ ಮೇಲೆ ಮೇಡಂ ತಪ್ಪದೆ ಕೂಗುತ್ತಿದ್ದರು: "ಉಪ್ಪು ಸಾಲ್ದು ಕಣೇ ಗೌರೀ!"

ಇನ್ನು ಕೋಸಿನ ಕಥೆ.

ಒಂದು ವರ್ಷ ಸಸ್ಯಶಾಸ್ತ್ರಕ್ಕೆ ಒಬ್ಬರೂ ಅರ್ಜಿ ಹಾಕಲಿಲ್ಲ. ಎಲ್ಲರಿಗೂ ಕಾಮರ್ಸು, ಇಲ್ಲವೇ ಕಂಪ್ಯೂಟರು. ಪ್ರಿನ್ಸಿಪಾಲರು ಮೇಡಮ್ಮನ್ನು ಕರೆದು, ಹೀಗೇ ಆದರೆ ವಿಭಾಗ ಮುಚ್ಚಬೇಕಾಗುತ್ತದೆ, ಲ್ಯಾಬನ್ನು ಕಂಪ್ಯೂಟರ್ ಕೋಣೆ ಮಾಡುತ್ತೇವೆ, ನಿಮ್ಮನ್ನು ಬೇರೆ ಊರಿಗೆ ಹಾಕಬಹುದು ಅಂದರು. ನಾನು ನಗಿಸೋಣ ಅಂತ, "ಕುರ್ಚಿಯ ಸೇಡು ಮೇಡಂ ಇದು" ಅಂದೆ. ಅವರು ನಗಲಿಲ್ಲ. ಲ್ಯಾಬಿನ ಕಿಟಕಿಯಲ್ಲಿ ನಿಂತು, "ನನ್ನ ಎಲ್ಲಿಗಾದ್ರೂ ಆಕ್ಲಿ. ಸುತ್ತಾ ಬೆಟ್ಟ, ಬೆಟ್ಟದ ತುಂಬಾ ಮರ. ನನ್ ಕಣ್ಣು ಮುಚ್ಚಿದ್ ಮೇಲೆ ಈ ಸೀಮೇಲಿ ಒಂದ್ ಮರದ ಒಳಗೆ ನೋಡೋಕೆ ಇನ್ನೊಂದ್ ಜೊತೆ ಕಣ್ಣಾದ್ರೂ ಬೇಡ್ವೇನ್ರೀ?" ಅಂದರು. ಅವರಿಗೆ ಊರು ಬಿಡುವ ಭಯವಲ್ಲ, ತಮ್ಮ ಜೊತೆ ಆ ನೋಟವೇ ಮುಗಿದುಹೋಗುವ ಭಯ ಅಂತ ಅವತ್ತು ತಿಳಿಯಿತು.

ಹಾಗಾಗಿ ವಿದ್ಯಾರ್ಥಿಗಳನ್ನು ಹುಡುಕಿಕೊಂಡು ಊರೂರಿಗೆ ನಮ್ಮ ದಂಡಯಾತ್ರೆ ಶುರುವಾಯಿತು. ಸೂಕ್ಷ್ಮದರ್ಶಕವನ್ನು ಹಳೆಯ ಉಣ್ಣೆ ಶಾಲಿನಲ್ಲಿ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡು ಅವರು ಬಸ್ಸಿನಲ್ಲಿ ಕೂರುವರು, ಪಕ್ಕದಲ್ಲಿ ಬೋರ್ಡು ಹಿಡಿದು ನಾನು. ಹನೂರು ಬಸ್ಸಿನ ಕಂಡಕ್ಟರು ಬಗ್ಗಿ ನೋಡಿ, "ಕೈಕೂಸಿಗೆ ಟಿಕೇಟ್ ಬ್ಯಾಡ ಬುಡಿ" ಅಂದು ನಮ್ಮಿಬ್ಬರ ಮುಖವನ್ನು ಒಂದು ಥರ ನೋಡಿಕೊಂಡು ಮುಂದೆ ಹೋದ. ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ, 'ಮರದ ಕೋಶಭಿತ್ತಿ: ಒಂದು ಸೂಕ್ಷ್ಮ ದರ್ಶನ'. ನಾನು ಬೇಡ ಅಂದಿದ್ದೆ. "ಗೋಡೆ ಅನ್ನಿ ಮೇಡಂ, ಜನಕ್ಕೆ ತಿಳಿಯುತ್ತೆ." ಮಾತಿನಲ್ಲಿ ದಿನವಿಡೀ ಗೋಡೆ ಗೋಡೆ ಅನ್ನುವವರು ಬರೆಯಲು ಕೂತರೆ ಮಾತ್ರ ಮಡಿ. "ನೀವು ಕನ್ನಡದೋರು ಇಂಗೇ ಸಡ್ಲ ಬುಟ್ಟು ಬುಟ್ಟೇ ಕೆಡ್ಸಿದ್ದು. ಪರಿಭಾಷೆ ಅಂದ್ರೆ ಪರಿಭಾಷೆ. ಗೋಡೆ ಅಂತ ಬರೆದ್ರೆ ಸುಣ್ಣ ಒಡ್ಯೋರು ಬತ್ತಾರೆ." ಬರೆದದ್ದು ಕೋಶಭಿತ್ತಿ. ಅವರ ಬಾಯಲ್ಲಿ ಅದು ಬರುತ್ತಿದ್ದದ್ದು ಕೋಸಬಿತ್ತಿ.

ಹನೂರಿನಲ್ಲಿ ಹುಡುಗರು ಸಾಲಾಗಿ ಬಂದು ಒಂದೊಂದು ಕಣ್ಣು ಇಟ್ಟು, "ಸೂಪರ್ ಮಿಸ್" ಅಂದು ಬೇಕರಿಯ ಕಡೆ ನಡೆದರು. ಒಬ್ಬನೂ ಸೇರುತ್ತೇನೆ ಅನ್ನಲಿಲ್ಲ. ವಾಪಸು ಬರುವಾಗ ಮೇಡಂ ಸೂಕ್ಷ್ಮದರ್ಶಕದ ಶಾಲನ್ನು ಬಿಚ್ಚಿ ತಾವೇ ಹೊದ್ದುಕೊಂಡು ಕಿಟಕಿಗೆ ತಲೆ ಒರಗಿಸಿದರು.

ಮಾಂಬಳ್ಳಿಯಲ್ಲಿ ನಡೆದದ್ದೇ ಬೇರೆ. ಅಲ್ಲಿ ಪಂಚಾಯಿತಿಯ ನೀರು ಬಿಡುವವನ ಕೈಗೆ ಚೀಟಿ ಕೊಟ್ಟು, ಮೈಕಿನಲ್ಲಿ ಸಾರಲು ಹೇಳಿದ್ದೆವು. ಅವನು ಹಿಂದಿನ ದಿನ ಬೀದಿ ಬೀದಿಯಲ್ಲಿ ಸಾರಿದ್ದು ಹೀಗೆ: "ನಾಳೆ ಕೊಳ್ಳೇಗಾಲದ ಮೇಡಮ್ಮೋರು ಬತ್ತಾವ್ರೆ, ಮರದ ಕೋಸ ಬಿತ್ತಿ! ಮರದ ಕೋಸ ಬಿತ್ತಿ!"

ಬೆಳಿಗ್ಗೆ ಹೋಗಿ ನೋಡಿದರೆ ಸಮುದಾಯ ಭವನದಲ್ಲಿ ಕಾಲಿಡಲು ಜಾಗವಿಲ್ಲ. ಟವೆಲ್ಲು ಹೊದ್ದ ಗಂಡಸರು, ಹೆಂಗಸರು, ಕಿಟಕಿಯಲ್ಲೂ ತಲೆಗಳು. ಮೇಡಮ್ಮಿನ ಮುಖ ಊರಗಲ ಆಯಿತು. ನನ್ನ ಕಡೆ ತಿರುಗಿ, "ನೋಡುದ್ರಾ ಪರಿಭಾಷೆ!" ಅಂದರು. ಎದ್ದು ನಿಂತು ಜೀವಕೋಶದ ಪೀಠಿಕೆ ಶುರು ಮಾಡಿದರು. ಮುಂದಿನ ಸಾಲಿನಲ್ಲಿದ್ದ ಒಬ್ಬ ರೈತರು ಕೈಯೆತ್ತಿದರು. ಅವರೇ ಪುಟ್ಟಮಾದಪ್ಪ.

"ಮೇಡಮ್ಮೋರೆ, ಅದೆಲ್ಲ ಆಮ್ಯಾಕೆ ಏಳೀರಂತೆ. ಮರಕೋಸಿನ ಬೀಜ ತಂದಿದ್ದೀರಾ? ಎಕರೆಗೆ ಎಷ್ಟು ಬೇಕಾಯ್ತದೆ?"

"ಯಾವ ಕೋಸಪ್ಪ?"

"ಅದೇ, ನೀವೇ ಸಾರ್ಸಿದ್ರಲ್ಲ, ಮರದ್ ಕೋಸ ಬಿತ್ತಿ ಅಂತ. ಒಂದ್ಸಲ ಬಿತ್ತುದ್ರೆ ಮರ ಆಯ್ತದಂತೆ, ವರ್ಸೊರ್ಸ ಕೋಸು ಕುಯ್ಕಬೋದಂತೆ. ಊರೆಲ್ಲ ಅದೇ ಮಾತು."

ನಾನು ಗೋಡೆಗೆ ಮುಖ ಮಾಡಿ ನಿಂತೆ. ಹೊಟ್ಟೆ ಹಿಡಿದುಕೊಂಡರೂ ಭುಜ ಕುಣಿಯುವುದು ನಿಲ್ಲಲಿಲ್ಲ. ತಿರುಗಿ ನೋಡಿದಾಗ ಮೇಡಂ ಬಾಯಿ ತೆರೆದುಕೊಂಡು ನಿಂತಿದ್ದರು. ಅವರಿಗೆ ಮಾತು ಹೊರಡದೇ ಇದ್ದದ್ದನ್ನು ನಾನು ಕಂಡದ್ದು ಆ ಒಂದೇ ಸಲ. ಜನ ಗುಜುಗುಜು ಶುರು ಮಾಡಿದರು, ಹಿಂದಿನವರು ಎದ್ದು ಟವೆಲ್ಲು ಕೊಡವಿದರು. ಇಡೀ ಭವನ ಇನ್ನೇನು ಖಾಲಿಯಾಗುತ್ತದೆ ಅನ್ನುವಾಗ ಮೇಡಂ ಸೆರಗು ಸಿಕ್ಕಿಸಿದರು.

"ಕೂತ್ಕಳಿ ಎಲ್ಲಾರೂ! ಯಾರ್ ಮನೇಲಾದ್ರೂ ಒಂದ್ ಎಲೆಕೋಸಿದ್ರೆ ತನ್ನಿ. ಒಂದ್ ಮುರುಕ್ಲು ನೇಗ್ಲೂ ತನ್ನಿ."

ಎರಡೂ ಬಂದವು. ಜಾಲಿಮರದ ಹಳೇ ನೇಗಿಲಿನಿಂದ ಒಂದು ಪದರ, ಕೋಸಿನ ಎಲೆಯಿಂದ ಒಂದು ಪದರ ಹೆರೆದು, ಎರಡಕ್ಕೂ ಒಂದೊಂದು ತೊಟ್ಟು ಕೆಂಪು ಹಾಕಿ ತೊಳೆದರು. "ಬಾರಪ್ಪ, ನೀನೇ ನೋಡೇಳು."

ಪುಟ್ಟಮಾದಪ್ಪ ಮೊದಲು ತಪ್ಪು ಕಣ್ಣು ಮುಚ್ಚಿಕೊಂಡು, ಆಮೇಲೆ ಸರಿಯಾದದ್ದು ಮುಚ್ಚಿಕೊಂಡು, ನೋಡಿದರು. "ಕೋಸು ಎಲ್ಲಾ ಬೆಳ್ಳಗದೆ. ನರದತ್ರ ಮಾತ್ರ ಒಂದೆರಡು ಕೆಂಪುಂಗ್ರ." ನೇಗಿಲಿನ ಪದರ ಇಟ್ಟಾಗ ಅವರ ಧ್ವನಿಯೇ ಬದಲಾಯಿತು. "ಅಬ್ಬಬ್ಬಬ್ಬಾ! ಜೇನುಗೂಡ್ನ ಕುಂಕುಮ್ದಲ್ಲಿ ಅದ್ದಂಗದೆ!"

"ಬೆಳ್ಳಗಿರೋದು ಬರೀ ನೂಲಿನ ಗೋಡೆ. ಕೆಂಪಗಿರೋದು ಗಾರೆ ಬಿದ್ದಿರೋ ಗೋಡೆ. ಕೋಸಿಗೆ ಗಾರೆ ಇಲ್ಲ, ಅದ್ಕೇ ನಾವು ಅದ್ನ ತಿಂತೀವಿ. ನೇಗ್ಲಿಗೆ ಗಾರೆ ಅದೆ, ಅದ್ಕೇ ಅದು ನೆಲಾನೇ ತಿಂತದೆ."

ಮೂಲೆಯಲ್ಲಿದ್ದ ಒಬ್ಬ ಅಜ್ಜಿ ಗಟ್ಟಿಯಾಗಿ, "ಅಂಗಾರೆ ನನ್ ಸೊಸೆ ತರೋ ಉಳ್ಳೀಕಾಯ್ಗೂ ಗಾರೆ ಬಿದ್ದಿರ್ತದೆ ಬುಡು!" ಅಂದಿತು. ಭವನವೆಲ್ಲ ನಕ್ಕಿತು. ಮೇಡಂ, "ಅಜ್ಜಿ ಏಳಿದ್ದು ದಿಟ. ಬಲ್ತ ಉಳ್ಳೀಕಾಯ್ ನಾರಿಗೂ ಅದೇ ಗಾರೆ" ಅಂದರು. ಸೊಸೆಗೆ ಮಾತ್ರ ನಗು ಬರಲಿಲ್ಲ. ಆಮೇಲೆ ಸಾಲು ನಿಂತ ಜನ ಮಧ್ಯಾಹ್ನದವರೆಗೂ ಕರಗಲಿಲ್ಲ. ಒನಕೆ, ಕುಡುಗೋಲಿನ ಹಿಡಿ, ಮುದ್ದೆ ಕೋಲು, ಎಲ್ಲದಕ್ಕೂ ಬ್ಲೇಡು ತಗುಲಿತು.

ಕೊನೆಗೆ ಪುಟ್ಟಮಾದಪ್ಪ ಮತ್ತೆ ಬಂದರು. "ಅಂಗಾರೆ ಮರಕೋಸು ಇಲ್ವೇ ಇಲ್ಲ?"

"ಇಲ್ಲ ಕಣಪ್ಪ."

"ಓಗ್ಲಿ. ಅಲ್ನೋಡಿ, ನನ್ ಮಗ್ಳು. ಪಿಯುಸಿ ಮುಗ್ಸವ್ಳೆ. ಆಗ್ಲಿಂದ ಮೂರ್ ಸಲ ಸಾಲಿಗೆ ಬಂದ್ಲು, ಆ ಕೊಳವೇಲಿಂದ ಕಣ್ಣೇ ಕೀಳ್ನಿಲ್ಲ. ಅವ್ಳ್ನ ಸೇರುಸ್ಕಳಿ. ಕೋಸಂತೂ ಬೆಳೀನಿಲ್ಲ, ಅವ್ಳಾರ ಬೆಳೀಲಿ."

ಆ ಹುಡುಗಿಯೇ ಭಾಗ್ಯ. ಅವಳು ಇಬ್ಬರು ಗೆಳತಿಯರನ್ನೂ ಎಳೆದುಕೊಂಡು ಬಂದು ಸೇರಿದಳು. ವಿಭಾಗ ಉಳಿಯಿತು. ಸುದ್ದಿ ಹಬ್ಬಿ ಮಾರನೇ ವರ್ಷ ಸುತ್ತಲ ಹಳ್ಳಿಗಳಿಂದ ಇನ್ನೂ ಕೆಲವರು 'ಕೋಸ್ ಮೇಡಂ'ನ ಕೇಳಿಕೊಂಡು ಬಂದರು. ಈಗಲಾದರೂ ಬೋರ್ಡಿನಲ್ಲಿ ಗೋಡೆ ಅಂತ ಬರೆಯೋಣವೇ ಅಂದೆ. "ಯಾಕ್ರೀ? ಬಿತ್ತಿ ಅಂದಿದ್ಕೇ ಬೆಳೆ ಬಂದಿದ್ದು" ಅಂದರು.

ಮೇಡಂ ನಿವೃತ್ತರಾದರು. ಭಾಗ್ಯ ಮೈಸೂರಿನಲ್ಲಿ ಎಂಎಸ್ಸಿ ಮುಗಿಸಿ ಬಂದು ಅದೇ ಲ್ಯಾಬಿನಲ್ಲಿ ಅತಿಥಿ ಉಪನ್ಯಾಸಕಿಯಾದಳು. ಸಂಜೆ ಯಳಂದೂರಿನಲ್ಲಿ ಇಳಿದು, ಮೇಡಮ್ಮಿಗೆ ಅವತ್ತಿನ ಪದರಗಳನ್ನು ತೋರಿಸಿ, ದಪ್ಪ ಕತ್ತರಿಸಿದ್ದಕ್ಕೆ ಬೈಸಿಕೊಂಡು ಮಾಂಬಳ್ಳಿಗೆ ಹೋಗುವಳು. ಪುಟ್ಟಮಾದಪ್ಪ ಪ್ರತಿ ಬೆಳೆಗೂ ಒಂದು ಕೋಸು ತಂದುಕೊಡುವರು, ಅದರ ಅರ್ಧ ಕಿಂಡಿಯಲ್ಲಿ ಗೌರಮ್ಮನಿಗೆ ದಾಟುವುದು.

ಫೋನು ಬಂದ ದಿನ ಬಾಳೆಹಣ್ಣು ಅಲ್ಲೇ ಬಿಟ್ಟು ಯಳಂದೂರಿನ ಬಸ್ಸು ಹತ್ತಿದೆ. ಹೃದಯ ನಿಂತದ್ದಂತೆ, ಮಧ್ಯಾಹ್ನದ ನಿದ್ದೆಯಲ್ಲೇ. ಭಾಗ್ಯ ಪ್ರಾಕ್ಟಿಕಲ್ ಕ್ಲಾಸಿನಿಂದ ಹಾಗೇ ಓಡಿ ಬಂದಿದ್ದಳು. ಸಂಜೆಯೊಳಗೆ ಮಣ್ಣು ಮಾಡಿ ಬಂದೆವು. ಮನೆಯಲ್ಲಿ ಮೇಡಮ್ಮಿನ ತಮ್ಮನ ಮನೆಯವರು, ನಾನು, ಪುಟ್ಟಮಾದಪ್ಪ, ಭಾಗ್ಯ. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ.

ಹಿತ್ತಲಿನಿಂದ ಹಲಗೆ ತಟ್ಟಿದ ಸದ್ದು ಬಂತು. ನೆಂಟರು ಬೀದಿ ಬಾಗಿಲ ಕಡೆ ನೋಡಿದರು. ಆ ಸದ್ದು ಏನು ಅಂತ ಭಾಗ್ಯನಿಗೆ ಗೊತ್ತಿತ್ತು. ಎದ್ದು ಹೋಗಿ ಕಿಂಡಿಯ ಕದ ತೆಗೆದಳು. ನಾನು ಅವಳ ಹಿಂದೆ ಹೋದೆ. ಆ ಕಡೆಯಿಂದ ಸಾರಿನ ಪಾತ್ರೆ ಕಿಂಡಿಯೊಳಗೆ ಬಂತು. ಭಾಗ್ಯ ಕೈ ಚಾಚಿ ಅದನ್ನು ಹಿಡಿದುಕೊಂಡಳು. ಅವಳ ಬೆರಳ ತುದಿಗಳೆಲ್ಲ ಕೆಂಪಗಿದ್ದವು.

ಗೋಡೆಯ ಆಚೆಯಿಂದ ಗೌರಮ್ಮನ ಧ್ವನಿ ಕೇಳಿಸಿತು, ದಿನಾ ಹೇಳುವ ಹಾಗೇ: "ಇವತ್ತು ಉಪ್ಪು ಸರ್‍ಯಾಗಿ ಆಕಿವ್ನಿ, ನೋಡ್ಕೊ."

ಆಮೇಲೆ ಅವರಿಗೆ ನೆನಪಾಯಿತು. ಪಾತ್ರೆಯ ಆ ತುದಿಯನ್ನು ಅವರು ಬಿಡಲಿಲ್ಲ. ಆ ಕೆಂಪು ಬೆರಳುಗಳನ್ನು ಪಾತ್ರೆಯ ಸಮೇತ ಹಿಡಿದುಕೊಂಡು, ಗೋಡೆಯ ಆ ಕಡೆ ನಿಂತು ಅಳತೊಡಗಿದರು.